ನವಿಲುಬಣ್ಣದ ಪಟ್ಟೆ

"ಏಯ್! ಇದು ನನ್ನ ಸ್ವೆಟರ್ ಉಲ್ಲನ್!"

ಪ್ರಿಯದರ್ಶಿನಿ ಕೂಗಿದ ರಭಸಕ್ಕೆ ಐದನೇ ಕ್ಲಾಸಿನ ನಲವತ್ತು ತಲೆಗಳೂ ಒಟ್ಟಿಗೇ ಹಿಂದಿನ ಬೆಂಚಿನ ಕಡೆ ತಿರುಗಿದವು. ಗುರುವಾರದ ಕ್ರಾಫ್ಟ್ ಪೀರಿಯಡ್ ಅದು. ಕಾಶಮ್ಮ ಟೀಚರ್ ಮುಂದಿನ ಬೆಂಚಿನಲ್ಲಿ ಯಾರದೋ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು.

ರಂಜಿನಿ ಮಾತ್ರ ತಲೆ ಎತ್ತಲಿಲ್ಲ. ಅವಳ ಮಡಿಲಲ್ಲಿ ಪಟ್ಟೆಪಟ್ಟೆಯ ಪುಟ್ಟ ಹೊದಿಕೆ ಹರಡಿಕೊಂಡಿತ್ತು. ಹನ್ನೊಂದು ಬಣ್ಣದ ಹನ್ನೊಂದು ಪಟ್ಟೆ ಮುಗಿದು, ಹನ್ನೆರಡನೆಯದು ಕಡ್ಡಿಯ ಮೇಲಿತ್ತು. ಒಂದು ಸಾಲಿಗೆ ತೊಂಬತ್ತು ಕುಣಿಕೆ. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಐವತ್ಮೂರು, ಐವತ್ನಾಲ್ಕು..."

"ಎಣಿಸೋದು ಆಮೇಲೆ. ಇಲ್ಲಿ ನೋಡು!" ಪ್ರಿಯದರ್ಶಿನಿ ತನ್ನ ಸ್ವೆಟರಿನ ತೋಳನ್ನು ಹೊದಿಕೆಯ ಆರನೇ ಪಟ್ಟೆಯ ಪಕ್ಕಕ್ಕೆ ಹಿಡಿದಳು. ಎರಡೂ ನವಿಲಿನ ಕತ್ತಿನ ಬಣ್ಣ. ಎಲ್ಲಿ ತೋಳು ಮುಗಿದು ಎಲ್ಲಿ ಪಟ್ಟೆ ಶುರುವಾಯಿತು ಎಂಬುದೇ ತಿಳಿಯದಷ್ಟು ಒಂದೇ ಥರ.

"ನೋಡ್ರೇ ಎಲ್ರೂ, ಸೇಮ್ ಟು ಸೇಮ್! ಈ ಉಲ್ಲನ್ ನಮ್ಮಜ್ಜಿ ಇವಳ ಅಜ್ಜಿಗೆ ಕೊಟ್ಟಿದ್ದು. ನನ್ನ ಸ್ವೆಟರ್ ಹಾಕಿ ಅಂತ ಕೊಟ್ಟಿದ್ದು, ಇವಳ ತಮ್ಮನಿಗೆ ಕಂಬಳಿ ಹಾಕಿ ಅಂತಲ್ಲ."

"ಉಳಿದಿದ್ದು ಅದು," ಎಂದಳು ರಂಜಿನಿ.

"ಉಳಿದಿದ್ರೆ ವಾಪಸ್ ಕೊಡ್ಬೇಕಿತ್ತು. ಕೊಟ್ಟಿಲ್ಲ ಅಂದ್ರೆ ಏನು? ಕದ್ದಿದ್ದು! ನೀನೂ ಕಳ್ಳಿ, ನಿಮ್ಮಜ್ಜೀನೂ ಕಳ್ಳಿ!"

ಸಿಟ್ಟು ರಂಜಿನಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದನ್ನು ಯಾರೂ ಕೂಗಿ ಕರೆಯಬೇಕಾಗಿರಲಿಲ್ಲ. ತನ್ನನ್ನು ಕಳ್ಳಿ ಎಂದಿದ್ದರೆ ಅವಳು ಬರೀ ತಿರುಗಿ ಬೈಯುತ್ತಿದ್ದಳೋ ಏನೋ. ಆದರೆ ಅಜ್ಜಿಯನ್ನು ಅಂದದ್ದು ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಪಕ್ಕದಲ್ಲೇ ಇದ್ದ ಆ ನವಿಲುಬಣ್ಣದ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಪ್ರಿಯದರ್ಶಿನಿ ಹಿಂದಕ್ಕೆ ಎಳೆದುಕೊಂಡಳು. ರಂಜಿನಿ ಮತ್ತೆ ಜಗ್ಗಿದಳು.

ಪರ್‌ರ್ ಎಂದು ಸದ್ದಾಯಿತು. ಮೊಣಕೈ ಹತ್ತಿರ ಉಲ್ಲನ್ ಕಿತ್ತು ಬಂದು, ಕುಣಿಕೆಗಳು ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತ ಮುಂಗೈವರೆಗೂ ಹೋದವು. ತೋಳು ಬಲೆಯಂತಾಯಿತು.

ಪ್ರಿಯದರ್ಶಿನಿ ತನ್ನ ತೋಳು ನೋಡಿಕೊಂಡು ಜೋರಾಗಿ ಅಳಲು ಶುರುಮಾಡಿದಳು. ಕಾಶಮ್ಮ ಟೀಚರ್ ಬಂದವರೇ ಇಬ್ಬರನ್ನೂ ಎಬ್ಬಿಸಿ, ಒಬ್ಬಳನ್ನು ಕಿಟಕಿಯ ಹತ್ತಿರ, ಇನ್ನೊಬ್ಬಳನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ರಂಜಿನಿಗೆ ಅಳು ಬರಲಿಲ್ಲ. ಸಿಟ್ಟಿನಲ್ಲಿ ಅವಳ ಕಿವಿ ಬಿಸಿಯಾಗಿತ್ತು.

ಸಂಜೆ ವಿನೋಬನಗರದ ಮನೆಗೆ ಅವಳು ಬಂದದ್ದು ನಡೆದುಕೊಂಡಲ್ಲ, ಕಾಲು ಅಪ್ಪಳಿಸಿಕೊಂಡು. ಅಜ್ಜಿ ಈಶ್ವರಮ್ಮ ಜಗಲಿಯ ಮೇಲೆ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದರು. ಕಣ್ಣಿನ ಪೊರೆ ಆಪರೇಷನ್ ಆಗಿ ತಿಂಗಳಾಗುತ್ತ ಬಂದಿತ್ತು. ಹೊಸ ಕನ್ನಡಕ ಬರುವವರೆಗೆ ಹೆಣಿಗೆ ಮುಟ್ಟಬೇಡಿ ಎಂದು ಡಾಕ್ಟರ್ ಹೇಳಿದ್ದರು. ಆ ಕರಿ ಕನ್ನಡಕದಲ್ಲಿ ಅವರಿಗೆ ಕೆಂಪೂ ಒಂದೇ, ಹಸಿರೂ ಒಂದೇ.

"ಅಜ್ಜಿ, ಏಳು! ಚಪ್ಪಲಿ ಹಾಕ್ಕೋ! ಪ್ರಿಯದರ್ಶಿನಿ ಮನೇಗೆ ಹೋಗಿ ಬೈದು ಬರೋಣ. ಅವಳು ನಿನ್ನ ಕಳ್ಳಿ ಅಂದ್ಲು."

ನಡೆದದ್ದನ್ನೆಲ್ಲ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಅಜ್ಜಿ ಏಳಲಿಲ್ಲ. ಹೊದಿಕೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. ಕರಿ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಮೊದಲ ಪಟ್ಟೆ, ಎರಡನೆಯದು, ಮೂರನೆಯದು. ನೋಡುತ್ತ ನೋಡುತ್ತ ಅವರ ಮುಖ ಇಳಿಯಿತು.

"ಈ ಉಲ್ಲನ್ ಎಲ್ಲಿ ತಗೊಂಡೆ?"

"ಬೀರು ಕೆಳಗಿನ ಡಬ್ಬದಿಂದ. ನೀನೇ ಹೇಳಿದ್ಯಲ್ಲ, ಬೀರು ಕೆಳಗಿರೋದು ತಗೋ ಅಂತ."

"ಅಯ್ಯೋ ಮಾರಾಯ್ತಿ! ಬೀರು ಕೆಳಗೆ ಬಟ್ಟೆ ಚೀಲ ಇತ್ತಲ್ಲ. ನಾನು ಹೇಳಿದ್ದು ಅದನ್ನ."

"ಚೀಲ ಅಂತ ನೀನು ಹೇಳ್ಲೇ ಇಲ್ಲ!"

"ಡಬ್ಬ ಅಂತಾನೂ ಹೇಳಿರ್ಲಿಲ್ಲ!"

ಅಜ್ಜಿಗೂ ಸಿಟ್ಟು ಬಂದಿತ್ತು. ಮೊಮ್ಮಗಳಿಗೆ ಅದು ಎಲ್ಲಿಂದ ಬಂತು ಎಂದು ಆ ಬೀದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಬಟ್ಟೆ ಚೀಲವನ್ನು ರಂಜಿನಿ ನೋಡಿಯೇ ಇದ್ದಳು. ಅದರಲ್ಲಿದ್ದದ್ದು ಬೂದು, ಮಣ್ಣು ಬಣ್ಣ, ಇನ್ನೊಂದು ಥರದ ಬೂದು. ಪಾಪುವಿಗೆ ಅದನ್ನು ಯಾರು ಹೊದಿಸುತ್ತಾರೆ? ಡಬ್ಬ ತೆರೆದರೆ ಹಳದಿ, ಗಿಳಿಹಸಿರು, ಗುಲಾಬಿ, ನವಿಲುಬಣ್ಣ. ಪುಟ್ಟ ಪುಟ್ಟ ಉಂಡೆಗಳು. ಒಂದೊಂದು ಉಂಡೆಯ ಒಳಗೂ ಒಂದೊಂದು ಗುಂಡಿ ಸಿಕ್ಕಿತ್ತು. ಆ ಗುಂಡಿಗಳನ್ನು ಅವಳು ಚೌಕಾಬಾರದ ಕಾಯಿ ಮಾಡಿಕೊಂಡಿದ್ದಳು.

"ಆ ಗುಂಡಿ ಯಾಕೆ ಇಟ್ಟಿದ್ದೆ ಅಂತ ಮಾಡಿದೀಯಾ?" ಎಂದರು ಅಜ್ಜಿ. "ನಂಗೆ ಓದಕ್ಕೆ ಬರುತ್ತಾ? ಯಾವ ಸ್ವೆಟರಿಂದು ಯಾವ ಉಂಡೆ ಅಂತ ಹೆಂಗೆ ಗೊತ್ತಾಗ್ಬೇಕು? ಸ್ವೆಟರಿಗೆ ಹಾಕಿದ ಗುಂಡೀಲೇ ಒಂದನ್ನ ಉಂಡೆ ಒಳಗೆ ಇಡ್ತೀನಿ. ನಾಳೆ ಮೊಣಕೈ ಹರೀತು, ಇಲಿ ಕಡೀತು ಅಂತ ತರ್ತಾರೆ. ಆವಾಗ ಅದೇ ಉಲ್ಲನ್ನಲ್ಲಿ ಸರಿ ಮಾಡಿ ಕೊಡ್ತೀನಿ. ಅದು ನಂದಲ್ಲ ಕಣೇ. ಅವರವರದ್ದು. ನನ್ನ ಹತ್ರ ಇಟ್ಟಿರೋದು ಅಷ್ಟೆ."

"ಹಂಗಾದ್ರೆ ಅವಳು ಕಳ್ಳಿ ಅಂದಿದ್ದು ಸರೀನಾ?"

"ಅದು ತಪ್ಪು. ನೀನು ತೋಳು ಹರಿದಿದ್ದೂ ತಪ್ಪು. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರುತ್ತೇನೆ?"

ರಂಜಿನಿ ಇನ್ನೂ ಶಾಂತವಾಗಿರಲೇ ಇಲ್ಲ. ಅವಳಿಗೆ ಈಗ ಎಲ್ಲರ ಮೇಲೂ ಸಿಟ್ಟು. ಪ್ರಿಯದರ್ಶಿನಿಯ ಮೇಲೆ, ಸರಿಯಾಗಿ ಹೇಳದ ಅಜ್ಜಿಯ ಮೇಲೆ, ಆ ಡಬ್ಬದ ಮೇಲೆ.

ಅಮ್ಮ ಇಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅಮ್ಮ ಬಾಣಂತನಕ್ಕೆಂದು ಭದ್ರಾವತಿಗೆ ಹೋಗಿದ್ದಳು. ಅಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ತಾತನ ಮನೆ. ತಮ್ಮ ಹುಟ್ಟಿ ಮೂರು ವಾರವಾಗಿತ್ತು, ರಂಜಿನಿ ಅವನನ್ನು ನೋಡಿದ್ದು ಒಂದೇ ಸಲ. ಈ ಭಾನುವಾರ ತೊಟ್ಟಿಲು ಹಾಕುವುದಿತ್ತು. "ನಿನ್ನ ಹೊದಿಕೇನೇ ಮೊದ್ಲು ಹೊದಿಸೋದು, ಬೇರೆ ಯಾರದ್ದೂ ಇಲ್ಲ," ಎಂದು ಅಮ್ಮ ಎದುರು ಮನೆಯ ಫೋನಿನಲ್ಲಿ ಮಾತು ಕೊಟ್ಟಿದ್ದಳು. ಆ ಮಾತಿಗೇ ರಂಜಿನಿ ಆಟ ಬಿಟ್ಟು, ಟೀವಿ ಬಿಟ್ಟು, ಬೆರಳು ಕೆಂಪಾಗುವವರೆಗೆ ಹೆಣೆದಿದ್ದಳು.

ದೀಪ ಹಚ್ಚುವ ಹೊತ್ತಿಗೆ ಗೇಟು ಕಿರುಗುಟ್ಟಿತು. ಪ್ರಿಯದರ್ಶಿನಿಯೂ ಅವಳ ಅಜ್ಜಿ ಕಲ್ಲಮ್ಮನೂ ಬಂದಿದ್ದರು. ಕಲ್ಲಮ್ಮನ ಕೈಯಲ್ಲಿ ಹರಿದ ಸ್ವೆಟರ್ ಇತ್ತು.

"ಹುಡುಗ್ರ ಜಗಳ ಬಿಡು ಈಶ್ವರಮ್ಮ," ಎಂದರು ಕಲ್ಲಮ್ಮ. "ಉಂಡೆ ಇಟ್ಟಿರ್ತೀಯಲ್ಲ, ಇದೊಂದು ತೋಳು ಸರಿ ಮಾಡ್ಕೊಡು."

ರಂಜಿನಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅಜ್ಜಿ ಏನಾದರೂ ಹೇಳಿ ಕಳಿಸುತ್ತಾರೆ ಎಂದುಕೊಂಡಳು. ಇಲಿ ತಿಂತು ಅನ್ನಬಹುದು, ಕಳೆದುಹೋಯ್ತು ಅನ್ನಬಹುದು. ಅಜ್ಜಿ ಹೊದಿಕೆಯನ್ನೇ ತಂದು ಅವರ ಮುಂದೆ ಬಿಡಿಸಿದರು.

"ಉಂಡೆ ಇಟ್ಟಿದ್ದೆ ಕಲ್ಲಮ್ಮ. ಮೊಮ್ಮಗಳು ಗೊತ್ತಿಲ್ದೆ ಇದಕ್ಕೆ ಹಾಕ್ಬಿಟ್ಟಿದಾಳೆ." ಆಮೇಲೆ ಕಲ್ಲಮ್ಮನನ್ನು ಬಿಟ್ಟು ಪ್ರಿಯದರ್ಶಿನಿಯ ಕಡೆ ತಿರುಗಿದರು. "ಉಲ್ಲನ್ ನಿಂದಮ್ಮ. ತಪ್ಪಾಯ್ತು. ಬಿಚ್ಚಿ ಕೊಡ್ತೀವಿ."

ರಂಜಿನಿ ಬಾಗಿಲ ಸಂದಿಯಿಂದ ಇಣುಕಿದಳು. ಅರವತ್ತು ದಾಟಿದ ತನ್ನ ಅಜ್ಜಿ, ಹತ್ತು ವರ್ಷದ ಆ ಅಳುಮುಂಜಿಯ ಮುಂದೆ ತಪ್ಪಾಯ್ತು ಅನ್ನುವುದೇ?

"ಪಾಪು ಹೊದಿಕೆ ಬಿಚ್ಚೋದೆಲ್ಲ ಬೇಡ ಬಿಡು," ಎಂದರು ಕಲ್ಲಮ್ಮ ಮೆಲ್ಲಗೆ.

"ನಂಗೆ ಬೇಕು," ಎಂದಳು ಪ್ರಿಯದರ್ಶಿನಿ. ಅಳುವಿನಿಂದ ಅವಳ ಕಣ್ಣು ಊದಿತ್ತು. "ನಂಗೆ ಅದೇ ಉಲ್ಲನ್ ಬೇಕು. ಆಮೇಲೆ ಬೇರೆ ಯಾವ್ದೋ ಹಾಕ್ಬಿಟ್ರೆ?"

"ಹಂಗಾದ್ರೆ ಶನಿವಾರ ಸ್ಕೂಲ್ ಬಿಟ್ಮೇಲೆ ಬಾ. ನಿನ್ನ ಕಣ್ಮುಂದೇನೇ ಬಿಚ್ತೀನಿ," ಎಂದರು ಅಜ್ಜಿ.

ಅವರು ಹೋದ ಮೇಲೆ ರಂಜಿನಿ ಊಟ ಮಾಡಲಿಲ್ಲ. "ಅದು ಆರನೇ ಪಟ್ಟೆ! ನಡೂಮಧ್ಯ! ಅದನ್ನ ಬಿಚ್ಚಬೇಕಂದ್ರೆ ಮೇಲಿನ ಆರೂ ಬಿಚ್ಚಬೇಕು. ಭಾನುವಾರದೊಳಗೆ ಮತ್ತೆ ಯಾರು ಹಾಕ್ತಾರೆ? ನಿಂಗೆ ಪಾಪು ಬೇಡ್ವಾ? ನಿಂಗೆ ಆ ಕಲ್ಲಮ್ಮನೇ ಹೆಚ್ಚಾ?" ಎಂದು ಕಿರುಚಿದಳು. ಅಪ್ಪ ಶಿವಕುಮಾರ್ ತಟ್ಟೆಯ ಮುಂದೆ ಕೂತು ಒಮ್ಮೆ ತಾಯಿಯ ಮುಖ, ಒಮ್ಮೆ ಮಗಳ ಮುಖ ನೋಡಿದರು.

ಮಾರನೇ ದಿನ ಸಂಜೆ ಅಪ್ಪ ಅವಳನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಕೋಟೆ ರಸ್ತೆಯ ಉಲ್ಲನ್ ಅಂಗಡಿಗೆ ಹೋದರು. ಅಂಗಡಿಯವರು ನವಿಲುಬಣ್ಣದ್ದೇ ಒಂದು ಲಡಿ ಕೊಟ್ಟರು. ರಂಜಿನಿಗೆ ಗೆದ್ದಷ್ಟು ಖುಷಿಯಾಯಿತು. ಮನೆಗೆ ತಂದು ಪಟ್ಟೆಯ ಮೇಲಿಟ್ಟರೆ ಹೊಸದರಲ್ಲಿ ಹಸಿರು ಸ್ವಲ್ಪ ಹೆಚ್ಚಾಗಿತ್ತು. ಸ್ವಲ್ಪವೇ, ಆದರೆ ಯಾರಿಗಾದರೂ ಕಾಣುವಷ್ಟು.

"ಒಂದೇ ನಂಬರ್ ಅಂತಾನೇ ಕೊಡ್ತಾರೆ," ಎಂದರು ಅಜ್ಜಿ. "ಆ ಸಲ ಅದ್ದಿದ ಬಣ್ಣ ಈ ಸಲ ಬರಲ್ಲ. ಅದಕ್ಕೇ ಉಳಿದಿದ್ದನ್ನ ಇಟ್ಕೊಂಡಿರೋದು."

ಅವರ ಮೂಗಿನ ಮೇಲೆ ಅವತ್ತೇ ಬಂದ ಹೊಸ ಕನ್ನಡಕವಿತ್ತು. ಅದನ್ನು ಹಾಕಿಕೊಂಡು ಅವರು ಸುಮ್ಮನೆ ಕೂರಲಿಲ್ಲ. ಗುಂಡಿಗಳನ್ನೂ ಪಟ್ಟೆಗಳನ್ನೂ ನೋಡಿ ಯಾವುದು ಯಾರದೆಂದು ನೆನಪು ಮಾಡಿಕೊಂಡರು. ರಂಜಿನಿಯ ಕೈ ಹಿಡಿದುಕೊಂಡು, ಹೊದಿಕೆಯನ್ನು ಹೆಗಲ ಮೇಲೆ ಹಾಕಿಕೊಂಡು ಬೀದಿಗೆ ಹೊರಟರು. ಹಳದಿ ಪಟ್ಟೆ ಪೋಸ್ಟ್‌ಮ್ಯಾನ್ ಓಬಯ್ಯನವರ ಸ್ವೆಟರಿನದು. ಗುಲಾಬಿ ಮೂಲೆಮನೆ ಸಣ್ಣಮ್ಮನ ಮಗಳದು. ಹೀಗೆ ಒಂದೊಂದು ಮನೆಯ ಮುಂದೂ ನಿಂತು, "ನಿಮ್ಮ ಉಲ್ಲನ್ ಹೀಗಾಗಿದೆ. ಬೇಕಂದ್ರೆ ಬಿಚ್ಚಿ ಕೊಡ್ತೀನಿ," ಎಂದು ಕೇಳಿದರು. ಎಲ್ಲರೂ ನಕ್ಕು, ಪಾಪುವಿಗೆ ತಾನೇ, ಇರಲಿ ಬಿಡಿ ಎಂದರು. ಓಬಯ್ಯನವರು ಬಾಳೆಹಣ್ಣನ್ನೂ ಕೊಟ್ಟರು. ರಂಜಿನಿ ತೆಗೆದುಕೊಳ್ಳಲಿಲ್ಲ. ಪ್ರತಿ ಬಾಗಿಲಲ್ಲೂ ಅವಳು ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದಳು. ಎಲ್ಲರೂ ಇರಲಿ ಎಂದಿದ್ದರಿಂದ, ಬೇಕು ಎಂದ ಒಬ್ಬಳ ಮೇಲೆ ಅವಳ ಸಿಟ್ಟು ಇನ್ನೂ ಜಾಸ್ತಿಯಾಯಿತು. ಆ ರಾತ್ರಿ ಅವಳು ಹನ್ನೆರಡನೇ ಪಟ್ಟೆಯನ್ನು ಮುಗಿಸಿದ್ದು ಸಿಟ್ಟಿನಲ್ಲೇ. ಕುಣಿಕೆಗಳು ಎಷ್ಟು ಬಿಗಿಯಾದವೆಂದರೆ ಹೊದಿಕೆಯ ಆ ತುದಿ ಎರಡು ಬೆರಳು ಕಿರಿದಾಯಿತು.

ಶನಿವಾರ ಮಧ್ಯಾಹ್ನ ಪ್ರಿಯದರ್ಶಿನಿ ಬಂದಳು. ಯೂನಿಫಾರಂ ಕೂಡ ಬದಲಾಯಿಸಿರಲಿಲ್ಲ. ರಂಜಿನಿ ಈ ಕಡೆ ಮುಖ ತಿರುಗಿಸಿದಳು, ಅವಳು ಆ ಕಡೆ. ಇಬ್ಬರೂ ಎಣ್ಣೆ ಸೀಗೆಕಾಯಿ.

ಅಜ್ಜಿ ಜಗಲಿಯಲ್ಲಿ ಚಾಪೆ ಹಾಸಿ ಹೊದಿಕೆಯನ್ನು ಹರಡಿದರು. ಪುಟ್ಟ ಕತ್ತರಿ ತೆಗೆದುಕೊಂಡರು. "ಮೇಲಿಂದ ಬಿಚ್ಚಲ್ಲ," ಎಂದರು. "ನಡುವೇನೇ ತೆಗೀತೀನಿ. ಆದ್ರೆ ಇದು ಒಬ್ರ ಕೈಲಿ ಆಗೋ ಕೆಲ್ಸ ಅಲ್ಲ. ನೀವಿಬ್ರೂ ಹಿಡ್ಕೋಬೇಕು."

"ನಾನ್ಯಾಕೆ ಹಿಡೀಲಿ?" ಎಂದಳು ಪ್ರಿಯದರ್ಶಿನಿ.

"ಅವಳು ಮುಟ್ಟೋದೇ ಬೇಡ!" ಎಂದಳು ರಂಜಿನಿ.

"ಹಂಗಾದ್ರೆ ಸ್ವೆಟರೂ ಇಲ್ಲ, ಹೊದಿಕೇನೂ ಇಲ್ಲ. ಇಬ್ರೂ ಎದ್ದು ಹೋಗ್ರಿ," ಎಂದರು ಅಜ್ಜಿ. ಅವರ ಮೂಗಿನ ತುದಿಯೂ ಕೆಂಪಾಗಿತ್ತು. ಇಬ್ಬರೂ ತೆಪ್ಪಗೆ ಕೂತರು.

ನವಿಲುಬಣ್ಣದ ಪಟ್ಟೆಯ ಕೊನೇ ಸಾಲಿನಲ್ಲಿ ಅಜ್ಜಿ ಒಂದೇ ಒಂದು ಕುಣಿಕೆಯನ್ನು ಕತ್ತರಿಸಿದರು. ಚಿಕ್ಕ ಸದ್ದು. ರಂಜಿನಿ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಆ ಎಳೆಯನ್ನು ಹಿಡಿದು ಕುಣಿಕೆಯಿಂದ ಕುಣಿಕೆಗೆ ಬಿಡಿಸುತ್ತ ಹೋದಂತೆ ಹೊದಿಕೆ ಎರಡು ತುಂಡಾಗತೊಡಗಿತು. ಮೇಲಿನ ತುಂಡಿನ ಕುಣಿಕೆಗಳನ್ನು ಒಂದು ಕಡ್ಡಿಗೆ ಏರಿಸಿ ಪ್ರಿಯದರ್ಶಿನಿಯ ಕೈಗೆ ಕೊಟ್ಟರು. ಆಮೇಲೆ ನವಿಲುಬಣ್ಣದ ಎಳೆಯನ್ನು ಎಳೆದರು. ಸರಸರ ಸರಸರ. ಎರಡು ಸಂಜೆ ಕೂತು ಹಾಕಿದ ಪಟ್ಟೆ ಎರಡು ನಿಮಿಷದಲ್ಲಿ ಬಿಚ್ಚಿ, ಚಾಪೆಯ ಮೇಲೆ ಗುಂಗುರು ಕೂದಲಿನ ಹಾಗೆ ಬಿತ್ತು. ಕೆಳಗಿನ ತುಂಡಿನ ಕುಣಿಕೆಗಳು ಇನ್ನೊಂದು ಕಡ್ಡಿಗೆ ಏರಿದವು. ಅದನ್ನು ರಂಜಿನಿ ಹಿಡಿದಳು.

"ಈಗ ಕೇಳ್ರಿ," ಎಂದರು ಅಜ್ಜಿ, ಚೀಲದಲ್ಲಿದ್ದ ಬೂದು ಉಲ್ಲನ್ನನ್ನು ದೊಡ್ಡ ಸೂಜಿಗೆ ಪೋಣಿಸುತ್ತ. "ತೊಂಬತ್ತು ಇಲ್ಲಿ, ತೊಂಬತ್ತು ಅಲ್ಲಿ. ಎಲ್ಲಾ ಬಾಯಿ ಬಿಟ್ಕೊಂಡಿವೆ. ಒಂದೊಂದೇ ಜೋಡಿ ಹೊಲೀತೀನಿ. ನಾನು ಹೇಳಿದಾಗ ಒಂದೇ ಒಂದನ್ನ ಕಡ್ಡಿಯಿಂದ ಜಾರಿಸ್ಬೇಕು. ಯಾರಾದ್ರೂ ಜಗ್ಗಿದ್ರೋ, ಮೇಲಿಂದ ಕೆಳಗಿನ್ವರೆಗೂ ಬಿಚ್ಕೊಂಡು ಹೋಗುತ್ತೆ. ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ."

ಇಬ್ಬರೂ ಎದುರುಬದುರು ಕೂತರು. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ.

"ಪ್ರಿಯ, ಒಂದು. ರಂಜಿನಿ, ಒಂದು."

ಹತ್ತು ಜೋಡಿ ಆಯಿತು. ಇಪ್ಪತ್ತಾಯಿತು. ಬೈಗುಳಗಳೆಲ್ಲ ರಂಜಿನಿಯ ನಾಲಿಗೆಯ ಮೇಲೇ ಇದ್ದವು. ಕೈ ಅಲ್ಲಾಡದಂತೆ ಬೈಯುವುದು ಹೇಗೆ ಎಂದು ಮಾತ್ರ ತಿಳಿಯಲಿಲ್ಲ. ಕೊನೆಗೆ ಪಿಸುಗುಟ್ಟಿದಳು.

"ನಮ್ಮಜ್ಜಿ ಕಳ್ಳಿ ಅಲ್ಲ."

"ನೀನು ನನ್ನ ಸ್ವೆಟರ್ ಹರಿದೆ," ಪ್ರಿಯದರ್ಶಿನಿಯೂ ಪಿಸುಗುಟ್ಟಿದಳು. "ಅಪ್ಪ ನಂಗೇ ಬೈದ್ರು."

"ಸರಿಯಾಗಿ ಆಯ್ತು."

"ನಿಂಗೂ ಸರಿಯಾಗಿ ಆಯ್ತು."

"ಬಾಯಿ ಮುಚ್ರಿ. ಪ್ರಿಯ, ಒಂದು," ಎಂದರು ಅಜ್ಜಿ.

ನಲವತ್ತು ದಾಟಿದಾಗ ಒಂದು ನೊಣ ಬಂತು. ಪ್ರಿಯದರ್ಶಿನಿಯ ಹಣೆಯ ಮೇಲೆ ಕೂತು, ಹುಬ್ಬು ದಾಟಿ, ಮೂಗಿನ ಮೇಲೆ ಇಳಿಯಿತು. ಅವಳು ಮೂಗು ಸೊಟ್ಟ ಮಾಡಿದಳು. ನೊಣ ಏಳಲಿಲ್ಲ. ಮೂಗಿನ ಹೊಳ್ಳೆಯ ಹತ್ತಿರ ಬಂದು ಕಾಲು ಉಜ್ಜತೊಡಗಿತು. ಅವಳ ಕಣ್ಣಲ್ಲಿ ನೀರು ತುಂಬಿತು.

ರಂಜಿನಿ ಅದನ್ನು ನೋಡಿದಳು. ಈಗ ಪ್ರಿಯದರ್ಶಿನಿ ಕೈ ಎತ್ತುತ್ತಾಳೆ. ಬೇಕಂತಲೇ ಎತ್ತಿದರೂ ನೊಣ ಬಂತು ಅನ್ನಬಹುದು, ಯಾರೂ ಏನೂ ಅನ್ನುವ ಹಾಗಿಲ್ಲ. ಹೊದಿಕೆ ಬಿಚ್ಚಿಹೋಗುತ್ತದೆ, ನಾಳೆ ಪಾಪುವಿನ ಮೇಲೆ ಬೇರೆ ಯಾರದೋ ಹೊದಿಕೆ ಇರುತ್ತದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ?

ಆ ಪ್ರಶ್ನೆಗೆ ಬಂದ ಉತ್ತರ ರಂಜಿನಿಗೆ ಇಷ್ಟವಾಗಲಿಲ್ಲ.

ಪ್ರಿಯದರ್ಶಿನಿ ಕೈ ಎತ್ತಲಿಲ್ಲ. ಕೆಳತುಟಿ ಮುಂದೆ ಮಾಡಿ ಫೂ ಎಂದು ಊದಿದಳು. ನೊಣ ಹೋಗಿ ಮತ್ತೆ ಬಂದು ಕೂತಿತು. ಅವಳ ಕಣ್ಣೀರು ಕೆನ್ನೆಗೆ ಇಳಿಯಿತು, ಸಿಂಬಳವೂ ಇಳಿಯಿತು. ಕಡ್ಡಿ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು, ಆದರೆ ಅಲ್ಲೇ ಇದ್ದವು.

ರಂಜಿನಿ ಮುಂದಕ್ಕೆ ಬಗ್ಗಿ, ತನ್ನ ಕೈ ಅಲ್ಲಾಡಿಸದೆ, ಪ್ರಿಯದರ್ಶಿನಿಯ ಮುಖದ ಮೇಲೆ ಜೋರಾಗಿ ಊದಿದಳು. ನೊಣ ಹಾರಿಹೋಯಿತು.

"ಥೂ, ಎಂಜಲು," ಎಂದಳು ಪ್ರಿಯದರ್ಶಿನಿ.

"ರಂಜಿನಿ, ಒಂದು," ಎಂದರು ಅಜ್ಜಿ.

ತೊಂಬತ್ತನೆಯ ಜೋಡಿ ಸೇರಿದಾಗ ಬಿಸಿಲು ಜಗಲಿಯಿಂದ ಇಳಿದಿತ್ತು. ಇಬ್ಬರ ಕೈಯೂ ಜೋಮು ಹಿಡಿದಿತ್ತು. ಅಜ್ಜಿ ಗುಂಗುರಾದ ಉಲ್ಲನ್ನನ್ನು ಲಡಿ ಮಾಡಿ ನೀರಲ್ಲಿ ಅದ್ದಿ, ಸುಕ್ಕು ಹೋಗಲೆಂದು ಚೊಂಬು ಕಟ್ಟಿ ತೂಗುಹಾಕಿದರು. ತೋಳು ಬುಧವಾರ ಸಿಗುತ್ತದೆ ಎಂದರು. ಪ್ರಿಯದರ್ಶಿನಿ ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡಳು.

ಗೇಟಿನ ಹತ್ತಿರ ಹೋಗಿ ತಿರುಗಿದಳು. "ನಾನು ಈಗ್ಲೂ ನಿನ್ನ ಹತ್ರ ಮಾತಾಡಲ್ಲ."

"ನಾನೂ ಅಷ್ಟೆ," ಎಂದಳು ರಂಜಿನಿ.

ಭಾನುವಾರ ಭದ್ರಾವತಿಯ ಕ್ವಾರ್ಟರ್ಸಿನ ಆ ಪುಟ್ಟ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ಮನೆಯ ತಮಿಳು ಅಕ್ಕನಿಂದ ಹಿಡಿದು ತಾತನ ಶಿಫ್ಟಿನವರವರೆಗೆ ಎಲ್ಲರೂ ಬಂದಿದ್ದರು. ತಮ್ಮ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದ. ಅಮ್ಮ ಮಾತಿಗೆ ತಪ್ಪಲಿಲ್ಲ. ಬಂದ ಎಲ್ಲ ಹೊದಿಕೆಗಳನ್ನೂ ಪಕ್ಕಕ್ಕಿಟ್ಟು ರಂಜಿನಿಯದನ್ನೇ ಮೊದಲು ಹೊದಿಸಿದಳು. ಒಂದು ತುದಿ ಕಿರಿದಾದ, ಹನ್ನೊಂದು ಪಟ್ಟೆಯ ಹೊದಿಕೆ. ಎಲ್ಲರೂ ಚೆನ್ನಾಗಿದೆ ಎಂದರು.

ಗಲಾಟೆ ಕಡಿಮೆಯಾದ ಮೇಲೆ ಅಮ್ಮ ಹೊದಿಕೆಯನ್ನು ಸವರುತ್ತ ಕೂತಿದ್ದಳು. ಅವಳ ಬೆರಳು ನಡುವೆ ಒಂದು ಕಡೆ ನಿಂತಿತು. ಅಲ್ಲಿ ಹಸಿರಿಗೂ ಕೆಂಪಿಗೂ ನಡುವೆ ಸಣ್ಣ ಬೂದು ಗೆರೆಯಿತ್ತು. ಮುಟ್ಟಿದರೆ ಉಬ್ಬು ಸಿಗುತ್ತಿತ್ತು.

"ಇಲ್ಲೇನಾಯ್ತೇ?"

"ಅಲ್ಲಿ ತುಂಡಾಗಿತ್ತು," ಎಂದಳು ರಂಜಿನಿ. "ಅಜ್ಜಿ ಹೊಲಿದ್ರು. ನಾನೂ ಪ್ರಿಯದರ್ಶಿನೀನೂ ಹಿಡ್ಕೊಂಡಿದ್ವಿ."

"ಪ್ರಿಯದರ್ಶಿನಿ ಅಂದ್ರೆ ನಿನ್ನ ಫ್ರೆಂಡಾ?"

"ಅಲ್ಲ. ನಾವಿಬ್ರೂ ಟೂ ಬಿಟ್ಟಿದೀವಿ."

ಅಮ್ಮ ನಕ್ಕಳು. ರಂಜಿನಿಗೆ ನಗು ಬರಲಿಲ್ಲ. ಅವಳು ಆ ಬೂದು ಗೆರೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಬೆರಳಾಡಿಸಿದಳು. ಎಲ್ಲೂ ಒಂದು ಕುಣಿಕೆಯೂ ಬಿಟ್ಟುಹೋಗಿರಲಿಲ್ಲ.

"ಅವಳಿಗೂ ತುಂಬಾ ಸಿಟ್ಟಿತ್ತಮ್ಮ," ಎಂದಳು. "ಆದ್ರೂ ಅವಳು ಅಲ್ಲಾಡಲಿಲ್ಲ."